ಹದಿನೇಳನೇ ಪುಟದ ಅಂಕಗಳು

ಪ್ರೇಮ ಕಾದಂಬರಿಯ ನಾಯಕರಲ್ಲಿ ನೂರಕ್ಕೆ ಅರವತ್ತು ಮಂದಿಯ ಕಪಾಳಕ್ಕೆ ಬಿಗಿಯಬೇಕು ಎಂಬುದು ಟೈಲರಕ್ಕನ ಖಚಿತ ಅಭಿಪ್ರಾಯವಾಗಿತ್ತು. ಇನ್ನು ಮೂವತ್ತು ಮಂದಿಯನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದರೆ ಸಾಕು, ಸರಿಹೋಗುತ್ತಾರೆ. ಉಳಿದ ಹತ್ತು ಜನ ಒಳ್ಳೆಯವರು. ಆ ಹತ್ತು ಜನರಿಗಾಗಿ ಅವಳು ಇಪ್ಪತ್ತು ವರ್ಷದಿಂದ ತಿಂಗಳಿಗೆ ಒಂದೆರಡರಂತೆ ಪುಸ್ತಕ ಓದುತ್ತ ಬಂದಿದ್ದಳು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಪುಟ್ಟ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಪ್ಯಾಂಟಿನ ಅಂಚು ಮಡಚುವುದು, ಜಿಪ್ ಬದಲಾಯಿಸುವುದು, ಮೈ ಬಂದವರ ಬಟ್ಟೆ ಬಿಚ್ಚಿ ಅಗಲ ಮಾಡುವುದು, ಇವೇ ಹೆಚ್ಚು. ಮೆಷಿನ್ ಮೇಲೆ ಕಾಲಿಟ್ಟರೆ ಸಂಜೆ ಏಳಕ್ಕೇ ಇಳಿಸುವುದು. ಅಷ್ಟು ಹೊತ್ತು ಊರಿನವರ ಅಂಚು ಮಡಚಿದ ಮೇಲೆ ತನಗೂ ಒಂದು ಸುಖಾಂತ್ಯ ಬೇಕು ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ. ನಾಚಿಕೆಪಡಿಸಲು ಬಂದವರಿಗೆ ಮಾತ್ರ ಬರವಿರಲಿಲ್ಲ.

ಲೈಬ್ರರಿಯಲ್ಲಿ ಕಿಟಕಿ ಪಕ್ಕದ ರ‍್ಯಾಕ್ ಅವಳದು. ಮೇಲಿನ ಮೂರು ಸಾಲು ಪ್ರೇಮ ಕಾದಂಬರಿ, ಕೆಳಗಿನ ಎರಡು ಸಾಲು ಹದಿಹರೆಯದವರ ಕಾದಂಬರಿ. ಐವತ್ತು ವರ್ಷದ ಹೆಂಗಸು ಕೆಳಗಿನ ಸಾಲಿಗೆ ಬಗ್ಗಿ ಪುಸ್ತಕ ಆರಿಸುವುದನ್ನು ಕಂಡು ನಗುವವರಿದ್ದರು. ನಗಲಿ. ಕೊಲೆಯ ಕಥೆ ಓದುವ ಗಂಡಸರನ್ನು ಯಾರೂ ಕೊಲೆಗಾರರೆನ್ನುವುದಿಲ್ಲ, ತಲೆ ಚುರುಕು ಎನ್ನುತ್ತಾರೆ. ಪ್ರೀತಿಯ ಕಥೆ ಓದುವ ಹೆಂಗಸು ಮಾತ್ರ ಪೆದ್ದಿ. ಈ ನ್ಯಾಯ ಯಾವ ಕೋರ್ಟಿನದು ಎಂದು ಅವಳಿಗೆ ಇಂದಿಗೂ ಅರ್ಥವಾಗಿಲ್ಲ.

ಹಾಗೆಂದು ಅವಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒಪ್ಪುವವಳಲ್ಲ. ನಾಯಕ ನಾಯಕಿಯ ತೋಳು ಹಿಡಿದು ಎಳೆದರೆ ನಾಯಕಿಗೆ ಮೈ ಜುಮ್ಮೆನ್ನುತ್ತದಂತೆ. ಯಾವ ಮೈ ಜುಮ್ಮು? ತನ್ನ ಅಂಗಡಿಯಲ್ಲಿ ಯಾವನಾದರೂ ಹಾಗೆ ತೋಳಿಗೆ ಕೈ ಹಾಕಿದರೆ ಕತ್ತರಿ ಅವನ ಮೂಗಿನ ಹತ್ತಿರ ಇರುತ್ತದೆ. ಇನ್ನೊಂದು ಪುಸ್ತಕದಲ್ಲಿ ನಾಯಕಿ ದರ್ಜಿ. ಒಂದೇ ಸಂಜೆಯಲ್ಲಿ ಮದುವೆಯ ಉಡುಪು ಹೊಲಿದು ಮುಗಿಸುತ್ತಾಳೆ, ಅದೂ ರೇಷ್ಮೆಯ ಮೇಲೆ ಕಣ್ಣೀರು ಸುರಿಸುತ್ತ. ರೇಷ್ಮೆಗೆ ನೀರು ಬಿದ್ದರೆ ಕಲೆಯಾಗುತ್ತದೆ ಎಂದು ಬರೆದವರಿಗೆ ಗೊತ್ತಿಲ್ಲ, ಅಚ್ಚು ಹಾಕಿದವರಿಗೂ ಗೊತ್ತಿಲ್ಲ. ಆ ಪುಸ್ತಕವನ್ನು ಅವಳು ಮೂರು ದಿನ ಬೈದಳು. ಹದಿಹರೆಯದವರ ಕಾದಂಬರಿಯಲ್ಲಂತೂ ಅಮ್ಮಂದಿರಿಗೆ ಆಯುಸ್ಸೇ ಇಲ್ಲ. ಮೊದಲ ಅಧ್ಯಾಯಕ್ಕೇ ಸಾಯುತ್ತಾರೆ, ಬದುಕಿದ್ದರೆ ಮಂಕುತನಕ್ಕೆಂದೇ ಬದುಕಿರುತ್ತಾರೆ. ಹದಿನಾರರ ಹುಡುಗಿ ಇಡೀ ಲೋಕವನ್ನು ಕಾಪಾಡುತ್ತಾಳೆ, ಮುನ್ನೂರು ಪುಟದಲ್ಲಿ ಒಬ್ಬರೂ ಅವಳನ್ನು ಊಟ ಆಯಿತಾ ಎಂದು ಕೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ಮೈ ಉರಿಸುತ್ತಿದ್ದದ್ದು ತಪ್ಪು ತಿಳಿವಳಿಕೆಯ ಕಥೆಗಳು. ಅವನು ಬೇರೆ ಯಾರೊಂದಿಗೋ ನಿಂತಿದ್ದನ್ನು ಅವಳು ನೋಡುತ್ತಾಳೆ. ಅದು ಅವನ ತಂಗಿ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಇನ್ನೂರು ಪುಟ ಕೊರಗುತ್ತಾರೆ. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಒಂದು ಮಾತು.

ಈ ಅಭಿಪ್ರಾಯಗಳನ್ನೆಲ್ಲ ಅವಳು ಹದಿನೇಳನೇ ಪುಟದಲ್ಲಿ ದಾಖಲಿಸುತ್ತಿದ್ದಳು. ಶುರುವಾದದ್ದು ನೆನಪಿಗಾಗಿ. ಈ ಪುಸ್ತಕಗಳ ಮುಖಪುಟವೆಲ್ಲ ಒಂದೇ ಥರ: ಒಂದು ಸೂರ್ಯಾಸ್ತ, ಎರಡು ಬೆನ್ನು. ಮನೆಗೊಯ್ದು ನಲವತ್ತು ಪುಟ ಓದಿದ ಮೇಲೆ, ಅಯ್ಯೋ ಇದು ಓದಿದ್ದೇ ಎಂದು ಹೊಳೆಯುತ್ತಿತ್ತು. ಆಮೇಲೆ ಅವಳು ಓದಿದ ಪ್ರತಿ ಪುಸ್ತಕದ ಹದಿನೇಳನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕತೊಡಗಿದಳು. ಹದಿನೇಳೇ ಯಾಕೆಂದರೆ, ಅಷ್ಟರೊಳಗೆ ನಾಯಕ ಬರದಿದ್ದರೆ ಆ ಕಾದಂಬರಿ ಉದ್ಧಾರವಾಗುವುದಿಲ್ಲ ಎಂಬುದು ಅವಳ ಅನುಭವ. ಚೆನ್ನಾಗಿದ್ದರೆ ಕೈಹೊಲಿಗೆಯ ಹಾಗೆ ಮೂರು ಪುಟ್ಟ ಗೆರೆ. ಕೆಟ್ಟದ್ದಾದರೆ ಕತ್ತರಿ ಗುರುತು. ಹೊಲಿಗೆ ತಪ್ಪಿದ ಕಡೆ ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಹಾಕುತ್ತಾಳಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು ಎಂದು, ಅದೇ. ಯಾವುದೇ ಆದರೂ ಕೊನೆಯಲ್ಲಿ ಒಂದು ಚಿಕ್ಕ ಸೊನ್ನೆ. ಅದು ಗಂಟು. ಗಂಟು ಹಾಕದೆ ದಾರ ಬಿಡುವುದು ಅವಳ ಕೈಗೆ ಒಗ್ಗದ ಕೆಲಸ.

ಹನ್ನೊಂದು ವರ್ಷದ ಹಿಂದೆ ಆ ಗುರುತಿನ ಪಕ್ಕದಲ್ಲಿ ಇನ್ನೊಂದು ಗುರುತು ಕಾಣಿಸಿಕೊಂಡಿತು. ಅಂಕಿ. ಹತ್ತಕ್ಕೆ ಇಷ್ಟು ಎಂದು ಅಂಕ, ಅದರ ಕೆಳಗೆ ಎರಡು ಗೆರೆ, ಎರಡನೆಯ ಗೆರೆಯ ಕೊನೆಗೆ ಕೊಕ್ಕೆಯಂತೆ ಬಾಗಿದ ಬಾಲ. ಟೈಲರಕ್ಕ ಕತ್ತರಿ ಹಾಕಿದ ಪುಸ್ತಕಕ್ಕೆ ಎರಡೂವರೆ. ಮೂರು ಗೆರೆ ಎಳೆದದ್ದಕ್ಕೆ ಏಳೂವರೆ. ಯಾರೋ ಅವಳ ಬೆನ್ನ ಹಿಂದೆಯೇ ಓದುತ್ತಿದ್ದರು, ಅವಳಷ್ಟೇ ಸಿಟ್ಟಿನಿಂದ.

ಅವಳು ಆ ಯಾರೋ ಒಬ್ಬರಿಗೆ ಹತ್ತಮ್ಮ ಎಂದು ಹೆಸರಿಟ್ಟಳು. ಹೆಂಗಸೇ ಆಗಿರಬೇಕು, ವಯಸ್ಸಾದವಳು, ಬಹುಶಃ ನರ್ಸ್ ಆಗಿದ್ದವಳು, ಕನ್ನಡಕಕ್ಕೆ ದಾರ ಕಟ್ಟಿಕೊಂಡವಳು. ಹೀಗೆ ಮನಸ್ಸಿನಲ್ಲೇ ಅವಳಿಗೆ ಮುಖ ಮೂಗು ಎಲ್ಲ ಹೊಲಿದಿಟ್ಟಳು. ಪುಸ್ತಕದ ಹಿಂದಿನ ಚೀಟಿಯಲ್ಲಿ ನೋಡಿದರೆ ತನ್ನ ಸದಸ್ಯ ಸಂಖ್ಯೆ ಬಿಟ್ಟು ಬೇರೆ ಯಾರದೂ ಇರುತ್ತಿರಲಿಲ್ಲ. ಮನೆಗೊಯ್ಯದೆ ಇಲ್ಲೇ ಕೂತು ಓದುತ್ತಾಳೆ ಪಾಪ ಎಂದುಕೊಂಡಳು. ಇಬ್ಬರಿಗೂ ಜಗಳವೂ ಆಗುತ್ತಿತ್ತು. ತಪ್ಪು ತಿಳಿವಳಿಕೆಯ ಕಥೆಯೊಂದಕ್ಕೆ ಟೈಲರಕ್ಕ ಪೆನ್ಸಿಲ್ ಒತ್ತಿ ಕತ್ತರಿ ಹಾಕಿದ್ದಳು. ಹತ್ತಮ್ಮ ಆರೂವರೆ ಕೊಟ್ಟಿದ್ದಳು. ಆ ವಾರವಿಡೀ ಅವಳು ಮೆಷಿನ್ ತುಳಿಯುತ್ತ ಹತ್ತಮ್ಮನ ಜೊತೆ ವಾದ ಮಾಡಿದಳು. ಕೈಗಡಿಯಾರ ರಿಪೇರಿ ಮಾಡುವ ಹೆಂಗಸು ಮತ್ತು ಕೆಡದ ಗಡಿಯಾರವನ್ನು ಪ್ರತಿವಾರ ರಿಪೇರಿಗೆ ತರುವ ಗಂಡಸಿನ ಕಥೆಗೆ ಮಾತ್ರ ಹತ್ತಮ್ಮ ಒಂಬತ್ತು ಕೊಟ್ಟಳು. ಆ ಅಂಕಿಯನ್ನು ನೋಡಿ ಟೈಲರಕ್ಕನಿಗೆ ಕಣ್ಣು ತುಂಬಿ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಯಾರೊಂದಿಗೂ ಅಷ್ಟು ಮಾತಾಡಿರಲಿಲ್ಲ.

ಆ ರ‍್ಯಾಕ್ ಖಾಲಿ ಮಾಡುತ್ತಾರಂತೆ ಎಂಬ ಸುದ್ದಿ ಕೊಟ್ಟವಳು ಲೈಬ್ರರಿಯ ಹುಡುಗಿ, ಅಂದರೆ ಎರಡು ವರ್ಷದ ಹಿಂದೆ ಬಂದ ಲೈಬ್ರೇರಿಯನ್.

“ಅಕ್ಕ, ಪರೀಕ್ಷೆಗೆ ಓದೋ ಗೈಡುಗಳು ಬರ್ತಾ ಇವೆ, ನಲವತ್ತು ಪೆಟ್ಟಿಗೆ. ಜಾಗ ಇಲ್ಲ. ಕಿಟಕಿ ಪಕ್ಕದ್ದನ್ನೆಲ್ಲ ರದ್ದಿಗೆ ಹಾಕೋಣ ಅಂತ ಅಧ್ಯಕ್ಷರು ಹೇಳಿದ್ದಾರೆ. ಭಾನುವಾರ ಸದಸ್ಯರ ಸಭೆ ಇದೆ.”

“ಅಧ್ಯಕ್ಷರು ಹೇಳಿದ್ರಾ?”

“ಹೂಂ, ಅವರೇ.”

ಟೈಲರಕ್ಕನಿಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಣ್ಣ.

ಅಣ್ಣ ಅವಳಿಗಿಂತ ಹತ್ತು ವರ್ಷ ದೊಡ್ಡವನು. ಹೆಡ್‌ಮಾಸ್ಟರ್ ಆಗಿ ನಿವೃತ್ತನಾಗಿದ್ದರೂ ಊರಿಗೆಲ್ಲ ಇನ್ನೂ ಹೆಡ್‌ಮಾಸ್ಟ್ರೇ. ಹನ್ನೆರಡು ವರ್ಷದಿಂದ ಲೈಬ್ರರಿ ಸಮಿತಿಯ ಅಧ್ಯಕ್ಷ; ಕಟ್ಟಡದ ಬೀಗದ ಕೈ ಒಂದು ಅವನ ಜೇಬಿನಲ್ಲೇ ಇರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ತನ್ನ ಕೋಣೆಯಲ್ಲಿ ಕೂತು ಕಡತ ನೋಡುತ್ತಾನೆ ಎಂದು ಊರು ಹೊಗಳುತ್ತಿತ್ತು. ಪ್ಯಾಂಟಿನ ಅಂಚು ಮಡಚಿಸಲು ತಂಗಿಯ ಅಂಗಡಿಗೆ ಬಂದರೆ, ಮೆಷಿನ್ ಪಕ್ಕದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, “ಇನ್ನೂ ಈ ಜೊಳ್ಳನ್ನೇ ಓದ್ತಿದ್ದೀಯಾ?” ಎಂದು ಮೂಗು ಮುರಿಯುತ್ತಿದ್ದ.

ಅದನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ. ಕ್ಷಮಿಸಲಾಗದ್ದು ಇನ್ನೊಂದಿತ್ತು. ಅವಳಿಗೆ ಹದಿನಾಲ್ಕು. ಗೆಳತಿಯಿಂದ ತಂದ ಒಂದು ಕಾದಂಬರಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ, ಹಡಗಿನ ರೇಡಿಯೋ ನೋಡಿಕೊಳ್ಳುವ ಹುಡುಗ. ನೂರ ನಲವತ್ತೆರಡನೇ ಪುಟದಲ್ಲಿ ಹಡಗು ಹೊರಡಲು ಸಿದ್ಧವಾಗಿದೆ, ಹುಡುಗಿ ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಾಳೆ. ಆಗತಾನೇ ಮೇಷ್ಟ್ರ ಕೆಲಸ ಸಿಕ್ಕಿದ್ದ ಅಣ್ಣ ಬಂದು ಪುಸ್ತಕ ಕಿತ್ತುಕೊಂಡ. ಬೆಳಿಗ್ಗೆ ಕಿತ್ತುಕೊಂಡದ್ದು, ಸಂಜೆ ಅವಳ ಕಣ್ಣೆದುರೇ ಒಲೆಗೆ ಹಾಕಿದ. ಆ ಪುಸ್ತಕ ಅವಳಿಗೆ ಮತ್ತೆ ಎಲ್ಲೂ ಸಿಗಲಿಲ್ಲ. ಮೂವತ್ತಾರು ವರ್ಷದಿಂದ ಆ ಹುಡುಗಿ ಅವಳ ತಲೆಯಲ್ಲಿ ಪೆಟ್ಟಿಗೆ ಹಿಡಿದು ನಿಂತೇ ಇದ್ದಳು.

ಈಗ ಅದೇ ಅಣ್ಣ ಒಂದಲ್ಲ, ಇಡೀ ರ‍್ಯಾಕನ್ನೇ ರದ್ದಿಗೆ ಹಾಕಲು ಹೊರಟಿದ್ದಾನೆ. ಪುಸ್ತಕ ಹೋದರೆ ಹತ್ತಮ್ಮನೂ ಹೋದಳು. ಟೈಲರಕ್ಕ ಅಳತೆ ಬರೆದುಕೊಳ್ಳುವ ಚೀಟಿಗಳ ಹಿಂದೆ ತಾನು ಹೇಳಬೇಕಾದದ್ದನ್ನೆಲ್ಲ ಬರೆದುಕೊಂಡಳು. ಒಂಬತ್ತು ಚೀಟಿಯಾಯಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಓದುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಇಪ್ಪತ್ತಮೂರು ಜನ ಬಂದಿದ್ದರು. ಮೇಜಿನ ಹಿಂದೆ ಅಣ್ಣ, ಅವನ ಬಲಕ್ಕೆ ಸಮಿತಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು. ಹತ್ತಮ್ಮ ಬಂದಿರಬಹುದೇ ಎಂದು ಟೈಲರಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕನ್ನಡಕಕ್ಕೆ ದಾರ ಕಟ್ಟಿಕೊಂಡವರು ಯಾರೂ ಇರಲಿಲ್ಲ.

ಅಣ್ಣ ಎದ್ದು ನಿಂತು ಇಪ್ಪತ್ತು ನಿಮಿಷ ಮಾತಾಡಿದ. ಹೊತ್ತು ಕಳೆಯುವ ಸಾಹಿತ್ಯ, ಯುವಜನರ ದಾರಿ, ಜ್ಞಾನದ ಬೆಳಕು ಎಂದೆಲ್ಲ ಹೇಳಿದ. ಇಂಥ ಪುಸ್ತಕಗಳು ಹೆಣ್ಣುಮಕ್ಕಳ ತಲೆ ಕೆಡಿಸುತ್ತವೆ ಎಂದಾಗ ಮುಂದಿನ ಸಾಲಿನ ಇಬ್ಬರು ತಲೆಯಾಡಿಸಿದರು. ಆಮೇಲೆ ತೆಗೆದುಹಾಕುವ ಪುಸ್ತಕಗಳ ಪಟ್ಟಿಯನ್ನು ಕುರ್ಚಿಯಿಂದ ಕುರ್ಚಿಗೆ ಕಳಿಸಿದರು. ಕೊನೆಯ ಹಾಳೆಯಲ್ಲಿ ಒಪ್ಪಿಗೆ, ವಿರೋಧ ಎಂದು ಎರಡು ಕಾಲಂ. ಅದರಲ್ಲಿ ಸಹಿ ಹಾಕಬೇಕು.

ಪಟ್ಟಿ ಟೈಲರಕ್ಕನ ಕೈಗೆ ಬಂತು. ಹಾಳೆಗಳೆಲ್ಲ ಟೈಪ್ ಮಾಡಿದವು. ಒಟ್ಟು ಎಷ್ಟು ಎಂಬುದನ್ನು ಮಾತ್ರ ಅಣ್ಣ ತನ್ನ ಕೈಯಾರೆ ಬರೆದಿದ್ದ: 312. ಅಂಕಿಯ ಕೆಳಗೆ ಎರಡು ಗೆರೆ. ಎರಡನೆಯ ಗೆರೆಯ ಕೊನೆಗೆ ಕೊಕ್ಕೆಯಂತೆ ಬಾಗಿದ ಬಾಲ.

ಅವಳು ಆ ಬಾಲವನ್ನೇ ನೋಡಿದಳು. ಚಿಕ್ಕವಳಿದ್ದಾಗ ಅವಳ ಲೆಕ್ಕದ ಪುಸ್ತಕದಲ್ಲಿ ಅಣ್ಣ ಹಾಕುತ್ತಿದ್ದ ಆರೂವರೆ, ಏಳೂವರೆ ಒಂದೊಂದಾಗಿ ನೆನಪಾದವು. ಯಾವುದಕ್ಕೂ ಪೂರ್ತಿ ಅಂಕ ಕೊಡದ ಜಿಪುಣ. ಓದಿದ್ದಕ್ಕೆಲ್ಲ ಅಂಕ ಹಾಕದೆ ಪುಸ್ತಕ ಮುಚ್ಚಲು ಬಾರದ ಮೇಷ್ಟ್ರು. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಬೆಳಬೆಳಿಗ್ಗೆ ಬಂದು ನೋಡುತ್ತಿದ್ದ ಕಡತ ಇದು. ನರ್ಸೂ ಇಲ್ಲ, ಕನ್ನಡಕದ ದಾರವೂ ಇಲ್ಲ. ಹನ್ನೊಂದು ವರ್ಷ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಈ ಮನುಷ್ಯನ ಜೊತೆ.

ಓದಿದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಮುನ್ನೂರ ಹನ್ನೆರಡನ್ನೂ ಓದಿ, ಗಡಿಯಾರದ ಹೆಂಗಸಿಗೆ ಒಂಬತ್ತು ಕೊಟ್ಟು, ಈಗ ಎದ್ದು ನಿಂತು ಜೊಳ್ಳು ಎನ್ನುತ್ತಾನಲ್ಲ, ಅದಕ್ಕೆ ಬಂತು. ಒಂದು ಮಾತು ಆಡಿದರೆ ಇಲ್ಲೇ ಅಣ್ಣನ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಅವಳು ಆಡಲಿಲ್ಲ. ಅವನ ಬಾಯಿಂದಲೇ ಬರಬೇಕು ಎಂದು ಅವಳಿಗೆ ಹಟ ಹುಟ್ಟಿತು.

ಎದ್ದು ನಿಂತಳು. ಚೀಟಿಗಳನ್ನು ನೋಡಲೇ ಇಲ್ಲ.

“ಅಧ್ಯಕ್ಷರೇ, ಈ ಪುಸ್ತಕಗಳಲ್ಲಿ ಕೆಟ್ಟವು ಬೇಕಾದಷ್ಟಿವೆ. ನಿಮಗಿಂತ ಜಾಸ್ತಿ ನಾನೇ ಬೈದಿದ್ದೀನಿ. ತೋಳು ಹಿಡಿದು ಎಳೆಯೋ ಗಂಡಸು, ಬಾಯಿಬಿಟ್ಟು ಕೇಳದೆ ಕೊರಗೋ ಹೆಂಗಸು, ನನಗೂ ಬೇಡ. ಆದ್ರೆ ತೊದಲೋ ಹುಡುಗಿಯೊಬ್ಬಳು ಶಾಲೆ ರೇಡಿಯೋದಲ್ಲಿ ಮಾತಾಡೋ ಕಥೆ ಇದೆ, ಕೆಳಗಿನ ಸಾಲಿನಲ್ಲಿ. ಅದನ್ನ ಓದಿದ ಮೇಲೆ ನನ್ನ ಅಂಗಡಿಗೆ ಬರೋ ಮಕ್ಕಳನ್ನ ನಾನು ಮಾತಿನ ಮಧ್ಯೆ ತಡೆದಿಲ್ಲ. ಇದು ಜ್ಞಾನ ಅಲ್ಲದಿದ್ರೆ ಇನ್ಯಾವುದು ಜ್ಞಾನ? ಬಯ್ಯಬೇಕಾದ್ರೂ ಓದಿದವರು ಬಯ್ಯಬೇಕು. ಅಧ್ಯಕ್ಷರು ಇದರಲ್ಲಿ ಒಂದನ್ನಾದ್ರೂ ಓದಿದ್ದಾರಾ?”

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅಣ್ಣ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

“ಇಂಥವನ್ನೆಲ್ಲ ಓದೋಕೆ ನನಗೆಲ್ಲಿ ಪುರುಸೊತ್ತಮ್ಮ,” ಎಂದ. ನಾಲ್ಕಾರು ಜನ ನಕ್ಕರು. ಅವನೂ ನಕ್ಕ.

ಟೈಲರಕ್ಕ ಕೂತಳು. ಪೆನ್ನು ತೆಗೆದು ವಿರೋಧದ ಕಾಲಮ್ಮಿನಲ್ಲಿ ಸಹಿಯ ಬದಲು ಒಂದು ಕತ್ತರಿ ಗುರುತು ಹಾಕಿದಳು, ಕಾಗದ ತೂತಾಗುವಷ್ಟು ಒತ್ತಿ. ಅದರ ಕೊನೆಗೆ ಒಂದು ಗಂಟು. ಪಟ್ಟಿಯನ್ನು ಮುಂದಕ್ಕೆ ಕೊಟ್ಟಳು.

ಅದು ಸುತ್ತಿ ಸುತ್ತಿ ಮೇಜಿಗೆ ಬಂತು. ಅಣ್ಣ ಕನ್ನಡಕ ಏರಿಸಿ ಸಹಿಗಳನ್ನು ಎಣಿಸತೊಡಗಿದ. ಅವನ ಬೆರಳು ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಎಷ್ಟು ಹೊತ್ತಾದರೂ ಮುಂದೆ ಸರಿಯಲಿಲ್ಲ. ಆಮೇಲೆ ಅವನು ತಲೆಯೆತ್ತಿ ಕುರ್ಚಿಗಳ ಸಾಲಿನಲ್ಲಿ ತಂಗಿಯನ್ನು ಹುಡುಕಿದ. ಆ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು: ಅವನಿಗೂ ಒಬ್ಬಳು ಗೆಳತಿ ಇದ್ದಳು, ಹನ್ನೊಂದು ವರ್ಷದಿಂದ, ಹದಿನೇಳನೇ ಪುಟದಲ್ಲಿ. ಅವನೂ ಅವಳಿಗೆ ಏನೋ ಒಂದು ಹೆಸರಿಟ್ಟಿದ್ದಿರಬೇಕು.

“ಸಾರ್, ಒಪ್ಪಿಗೆ ಹದಿನಾಲ್ಕಿದೆ,” ಎಂದರು ಬ್ಯಾಂಕಿನವರು ಪಕ್ಕದಿಂದ ಬಗ್ಗಿ ನೋಡಿ. “ಪಾಸ್ ಅಂತ ಬರ್ಕೊಳ್ಳಲಾ?”

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಬೇಡ. ನಿರ್ಣಯ ತಂದವನು ನಾನು, ವಾಪಸ್ ತಗೋತೀನಿ. ಗೈಡುಗಳನ್ನ ನನ್ನ ಕೋಣೆಯಲ್ಲಿಡಿ. ಆ ಕೋಣೆ ನನಗಿನ್ನು ಬೇಡ.” ಆಮೇಲೆ ಲೈಬ್ರರಿಯ ಹುಡುಗಿಯ ಕಡೆ ತಿರುಗಿದ. “ಆ ಗಡಿಯಾರದ ಕಥೆ ಇದೆಯಲ್ಲ, ಎರಡನೇ ಸಾಲಿನ ಕೊನೇಲಿ, ಅದನ್ನ ನನ್ನ ಕಾರ್ಡಿಗೆ ಬರೀಮ್ಮ. ಇನ್ನೊಂದು ಸಲ ಓದ್ಬೇಕು.”

ಇನ್ನೊಂದು ಸಲ ಎಂಬುದು ಎಲ್ಲರಿಗೂ ಕೇಳಿಸಿತು. ಮುಂದಿನ ಸಾಲಿನಲ್ಲಿ ತಲೆಯಾಡಿಸಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹುಡುಗಿ ತಡವರಿಸಿದಳು. “ಸಾರ್, ನಿಮಗೆ ಕಾರ್ಡೇ ಇಲ್ಲ.”

“ಹನ್ನೆರಡು ವರ್ಷದಿಂದ ಅಧ್ಯಕ್ಷ ನಾನು.”

“ಅಧ್ಯಕ್ಷರಿಗೆ ಬೀಗದ ಕೈ ಇದೆ ಸಾರ್, ಕಾರ್ಡಿಲ್ಲ. ಅರ್ಜಿ ತುಂಬಬೇಕು. ಹಳೇ ಸದಸ್ಯರೊಬ್ಬರು ಶಿಫಾರಸು ಸಹಿ ಹಾಕ್ಬೇಕು. ನಿಯಮ ನೀವೇ ಮಾಡಿದ್ದು.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಅಣ್ಣ ಅಲ್ಲೇ ನಿಂತು ಅರ್ಜಿ ತುಂಬಿದ: ಹೆಸರು, ವಯಸ್ಸು, ಉದ್ಯೋಗ. ಆಮೇಲೆ ಮೇಜು ಬಿಟ್ಟು ಇಳಿದು, ಕುರ್ಚಿಗಳ ನಡುವೆ ನಡೆದು ಬಂದು, ಅರ್ಜಿಯನ್ನು ತಂಗಿಯ ಮುಂದೆ ಹಿಡಿದ. ಶಾಲೆಯ ಮಕ್ಕಳು ಅವನ ಮುಂದೆ ಪುಸ್ತಕ ಹಿಡಿದು ನಿಲ್ಲುತ್ತಿದ್ದದ್ದು ಹೀಗೆಯೇ.

ಅವಳು ಅರ್ಜಿ ತೆಗೆದುಕೊಳ್ಳಲಿಲ್ಲ. ಕರಗುವುದಕ್ಕೆ ಅವಳೇನು ಬೆಣ್ಣೆಯಲ್ಲ.

“ಒಂದು ಕೇಳ್ಬೇಕು,” ಎಂದಳು. ಅಧ್ಯಕ್ಷರೇ ಎನ್ನುವುದನ್ನು ಬಿಟ್ಟಿದ್ದಳು. “ಅವತ್ತು ಬೆಳಿಗ್ಗೆ ಕಿತ್ಕೊಂಡೆ, ಸಂಜೆ ಒಲೆಗೆ ಹಾಕಿದೆ. ಮಧ್ಯೆ ಏನು ಮಾಡ್ತಿದ್ದೆ?”

ಯಾವತ್ತು ಎಂದು ಅವನು ಕೇಳಲಿಲ್ಲ.

“ಓದ್ತಿದ್ದೆ.”

“ಪೂರ್ತಿ?”

“ಪೂರ್ತಿ.”

“ಅವಳು ಹಡಗು ಹತ್ತಿದ್ಲಾ?”

“ಇಲ್ಲ.” ಅಣ್ಣನ ದನಿ ಇಳಿದಿತ್ತು. “ಹತ್ತಲಿಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದು ಅವನ ಬಟ್ಟೆ. ಅದನ್ನ ಕೊಟ್ಟು ಕೆಲಸಕ್ಕೆ ವಾಪಸ್ ಹೋದ್ಲು. ಅವನು ಎರಡು ವರ್ಷ ಆದ್ಮೇಲೆ ತಾನೇ ಹುಡುಕ್ಕೊಂಡು ಬಂದ. ಎಕ್ಸ್‌ಚೇಂಜಿಗೆ ಫೋನ್ ಮಾಡಿ ಅವಳ ಹೆಸರನ್ನೇ ಕೇಳಿದ.”

ಮೂವತ್ತಾರು ವರ್ಷದಿಂದ ನಿಂತಿದ್ದ ಹುಡುಗಿ ಕೊನೆಗೂ ಪೆಟ್ಟಿಗೆ ಕೆಳಗಿಟ್ಟಳು. ಟೈಲರಕ್ಕನ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಒಂದು ಮಾತು. ಅಷ್ಟೂ ವರ್ಷಗಳಲ್ಲಿ ಯಾವತ್ತಾದರೂ ಪ್ಯಾಂಟಿನ ಅಂಚು ಮಡಚಿಸಲು ಬಂದಾಗ ಹೇಳಬಹುದಾಗಿದ್ದ ಒಂದೇ ಒಂದು ಮಾತು.

“ಎಷ್ಟು ಕೊಟ್ಟಿದ್ದೆ ಅದಕ್ಕೆ?”

“ಒಂಬತ್ತೂವರೆ.”

“ಒಂಬತ್ತೂವರೆ ಕೊಟ್ಟು ಒಲೆಗೆ ಹಾಕಿದ್ಯಾ ಅಣ್ಣ?”

ಅರ್ಜಿ ಹಿಡಿದ ಅವನ ಕೈ ಹಾಗೇ ಚಾಚಿತ್ತು.

ಅವಳು ಅರ್ಜಿ ಇಸಿದುಕೊಂಡು ತೊಡೆಯ ಮೇಲಿಟ್ಟು, ಶಿಫಾರಸು ಮಾಡುವ ಸದಸ್ಯರು ಎಂಬಲ್ಲಿ ಮೂರು ಪುಟ್ಟ ಗೆರೆ ಎಳೆದಳು. ಗಂಟು ಹಾಕಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಮುಗಿದಿರಲಿಲ್ಲ.